ಬನಶ್ರೀ ಕೆಚ್ಚಿದ ಇಂಗ್ಲಿಷು

ಬನಶ್ರೀಯ ಮುತ್ತಜ್ಜ ತೋಟಪ್ಪ ಹೊಳೆಮಣ್ಣೂರಿನವನು. ಮಲಪ್ರಭೆ ಮೂರನೆಯ ಸಲ ಮನೆ ಹೊಕ್ಕ ವರ್ಷ ಅವನು ಕಾಳಿನ ಚೀಲ ಬಿಟ್ಟ, ತಾಮ್ರದ ಹಂಡೆ ಬಿಟ್ಟ, ಮಗ್ಗದ ಕಟ್ಟಿಗೆಯನ್ನು ಮಾತ್ರ ಬಿಚ್ಚಿ ಚಕ್ಕಡಿಗೆ ಹೇರಿಕೊಂಡು ಗಜೇಂದ್ರಗಡಕ್ಕೆ ಬಂದ. ಬಂದವನು ಗೋಡೆ ಎಬ್ಬಿಸಲಿಲ್ಲ, ಮೊದಲು ಮಗ್ಗದ ಕುಣಿ ತೋಡಿದ. ಮೇಟಿ ನೆಟ್ಟ ಮೇಲೆ ಸುತ್ತ ಕಣ ಆಗುವ ಹಾಗೆ, ಆ ಕುಣಿಯ ಸುತ್ತ ಆಮೇಲೆ ಮನೆ ಆಯಿತು.

ತೋಟಪ್ಪನ ಸೊಸೆ ಶಿವಬಸವ್ವ. ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ಸೂಡಿ, ಜಕ್ಕಲಿ ಎಂದು ಊರೂರು ತಿರುಗಿ ಮಾರಿದವಳು. ಅಕ್ಷರ ಬರುತ್ತಿರಲಿಲ್ಲ. ಯಾವ ಮನೆಯ ಯಾವ ಹೆಣ್ಣುಮಗಳು ಯಾವ ಬಣ್ಣದ ಅಂಚು ಕೇಳಿದ್ದಾಳೆ ಎಂಬುದಕ್ಕೆ ಸೊಂಟದ ನೂಲಿನಲ್ಲಿ ಒಂದೊಂದು ಗಂಟು ಹಾಕುತ್ತಿದ್ದಳು. ತಿರುಗಿ ಬರುವಾಗ ಹೊಲದ ಬದು ಸಿಕ್ಕಲ್ಲೆಲ್ಲ ನಿಂತು ಗಂಟು ಮುಟ್ಟಿ ಹೆಸರು ಹೇಳಿಕೊಳ್ಳುತ್ತಿದ್ದಳಂತೆ. ನಲವತ್ತು ಮನೆಗಳ ವ್ಯವಹಾರದಲ್ಲಿ ಒಬ್ಬಳ ಸೀರೆ ಇನ್ನೊಬ್ಬಳ ಪಾಲಾಗಿದ್ದು ಇಲ್ಲ.

ಅವಳ ಮಗ ಗುರುಪಾದ, ಬನಶ್ರೀಯ ತಂದೆ. ಚೌಕಡಿಯ ಒಡಲು, ಅಗಲ ಅಂಚಿನ ಪಟ್ಟೇದಂಚು ಸೀರೆ ನೇಯುವುದರಲ್ಲಿ ಅವನ ಕೈ ಎಂಥದೆಂದರೆ, ಸಂತೆಯಲ್ಲಿ ಸೀರೆ ಹರಡಿ, “ಇದರ ಒಳಮಗ್ಗಲ ಯಾವುದು, ಹೊರಮಗ್ಗಲ ಯಾವುದು ಹೇಳಿದವರಿಗೆ ಸೀರಿ ಪುಕ್ಕಟೆ” ಎಂದು ಪಣ ಕಟ್ಟುತ್ತಿದ್ದ. ಯಾರೂ ಗೆಲ್ಲಲಿಲ್ಲ.

ಇಂಥವರ ಮನೆಯ ಮಗಳಿಗೆ ನಾನು ಒಂದು ಅನ್ಯಾಯ ಮಾಡಿದೆ. ಅದನ್ನು ಬರೆಯದೆ ಅವಳ ವಿಷಯ ಬರೆದರೆ, ಜೊಳ್ಳು ತೆಗೆಯದೆ ಜೋಳ ಅಳೆದ ಹಾಗಾಗುತ್ತದೆ.

ನಾನು ಅಂದಾನಪ್ಪ. ಜಕ್ಕಲಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ ರೋಣದ ಪೇಟೆಯಲ್ಲಿ ಶೇಂಗಾ, ಹತ್ತಿಯ ದಲಾಲಿ ಅಂಗಡಿಯಲ್ಲಿ ತೂಕದವನಾಗಿ ನಿಂತವನು. ಹದಿನೆಂಟು ವರ್ಷದವನಿದ್ದಾಗ ನರಗುಂದದ ಸಂತೆಯಲ್ಲಿ, ಗೋಣಿತಟ್ಟಿನ ಮೇಲೆ ಬೀಗ, ಕುಡುಗೋಲುಗಳ ನಡುವೆ ಬಿದ್ದಿದ್ದ ಒಂದು ಇಂಗ್ಲಿಷ್-ಕನ್ನಡ ನಿಘಂಟು ಕೊಂಡೆ. ದಿನಕ್ಕೆ ಹತ್ತು ಶಬ್ದ. ತಕ್ಕಡಿಯ ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಮಾಲು, ನಡುವೆ ನನ್ನ ಬಾಯಲ್ಲಿ ಶಬ್ದ. ಯಾವ ಮಾಸ್ತರನೂ ನನಗೆ ಕಲಿಸಲಿಲ್ಲ. ಕೋರ್ಟಿನ ನೋಟೀಸು, ಬ್ಯಾಂಕಿನ ಪತ್ರ, ದವಾಖಾನೆಯ ಚೀಟಿ, ಏನೇ ಬಂದರೂ ಮಂದಿ ನನ್ನ ಹತ್ತಿರ ಬರುತ್ತಿದ್ದರು. ‘ಡಿಕ್ಷನರಿ ಅಂದಾನಪ್ಪ’ ಎಂದು ಹೆಸರಾಯಿತು. ಆ ಹೆಸರಿನ ಸೊಕ್ಕು ನನಗೆ ಇತ್ತು. ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು.

ಆದರೆ ಯಾರಿಗೂ ಹೇಳದ ಒಂದು ಮಾತು ಇತ್ತು. ಆ ನಿಘಂಟಿನ ಕೊನೆ ಇರಲಿಲ್ಲ. ನಾನು ಕೊಳ್ಳುವ ಮೊದಲೇ ಗೆದ್ದಲು ತಿಂದು, ಉಳಿದ ಕೊನೆಯ ಶಬ್ದ ‘ವೋಟ್’. ಅಲ್ಲಿಂದ ಮುಂದೆ ಡಬ್ಲ್ಯೂ ಇಲ್ಲ, ಏನೂ ಇಲ್ಲ. ವಾಟರ್, ವಿಂಡ್, ವರ್ಕ್ ಇಂಥವು ಕಿವಿಯಿಂದ ಬಂದವು. ಉಳಿದವನ್ನು ಯಾರಾದರೂ ಕೇಳಿದರೆ ಕೇಳಿದವನ ಮುಖ ನೋಡಿ, ಸುತ್ತಲಿನ ಸಾಲು ನೋಡಿ ಅಂದಾಜಿನ ಮೇಲೆ ಹೇಳುತ್ತಿದ್ದೆ. ನೂರಕ್ಕೆ ತೊಂಬತ್ತು ಸರಿ ಹೋಗುತ್ತಿತ್ತು. ಹತ್ತು ತಪ್ಪಾದರೆ ಕೇಳಿದವನಿಗೂ ಗೊತ್ತಿಲ್ಲ, ಹೇಳಿದವನಿಗೂ ಗೊತ್ತಿಲ್ಲ. ‘ನನಗೆ ಬರುವುದಿಲ್ಲ’ ಎಂಬ ಎರಡು ಮಾತು ಐವತ್ತು ವರ್ಷ ನನ್ನ ಬಾಯಿಂದ ಹೊರಡಲಿಲ್ಲ.

ವಯಸ್ಸಾದ ಮೇಲೆ ರೋಣ ಬಿಟ್ಟು ಗಜೇಂದ್ರಗಡದಲ್ಲಿ ಹೆಂಡತಿಯ ತವರಿನ ಓಣಿಗೆ ಬಂದು ನೆಲೆಸಿದೆ. ಎದುರು ಮನೆಯೇ ಗುರುಪಾದನದು. ಅವನು ತೀರಿಕೊಂಡ ಮೇಲೆ ಕುಣಿಗೆ ಇಳಿದವಳು ಬನಶ್ರೀ. ಮೂವತ್ತಾರು ವರ್ಷದವಳು, ಹತ್ತನೆಯ ತರಗತಿವರೆಗೆ ಓದಿದ್ದಳು. ಹೆಂಡತಿ ಹೋದ ಮೇಲೆ ನನ್ನ ಮನೆ ಗುಡಿಸಿ, ನನ್ನ ಪುಸ್ತಕದ ಧೂಳು ಝಾಡಿಸಿ, ಎರಡು ರೊಟ್ಟಿ ಮುಚ್ಚಿಟ್ಟು ಹೋಗುತ್ತಿದ್ದವಳೂ ಅವಳೇ. ನಾನು ಕೇಳಿದ್ದಲ್ಲ. ಅವಳ ಸ್ವಭಾವ.

ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಅವಳ ಕಿವಿಗೆ ಎರಡು ಸುದ್ದಿ ಬಿದ್ದವು. ಒಂದು ದವಾಖಾನೆಯದು: ಬಲ ಮೊಣಕಾಲು ಸವೆದಿದೆ, ವರ್ಷದೊಳಗೆ ಮಗ್ಗ ತುಳಿಯುವುದನ್ನು ಬಿಡಬೇಕು. ಇನ್ನೊಂದು ನೇಕಾರ ಹೆಣ್ಣುಮಕ್ಕಳ ಸಂಘದ್ದು: ಸೂಡಿಯ ಹಳೆಯ ಗುಡಿಗಳನ್ನು ನೋಡಲು ಹೊರಗಿನ ಮಂದಿ ಬರುತ್ತಾರೆ, ಆ ದಾರಿಯಲ್ಲಿ ಒಂದು ಪ್ರದರ್ಶನದ ಮನೆ ತೆರೆದು, ಅಲ್ಲೊಂದು ಮಗ್ಗ ಹೂಡಿ, ಬಂದವರಿಗೆ ನೇಯ್ಗೆಯನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಲು ಒಬ್ಬ ಹೆಣ್ಣುಮಗಳನ್ನು ಇಟ್ಟುಕೊಳ್ಳುತ್ತಾರೆ. ಆಯ್ಕೆ ಒಂದು ವರ್ಷದ ಮೇಲೆ. ಕಾಲು ಬಿಟ್ಟರೂ ಮಗ್ಗ ಬಿಡಬೇಕಿಲ್ಲದ ಕೆಲಸ ಸುತ್ತಲಿನ ಹತ್ತೂರಲ್ಲಿ ಅದೊಂದೇ. ಆ ಕೆಲಸ ಅವಳಿಗೆ ಬೇಕಿತ್ತು. ಬೇಕಿತ್ತು ಎಂದರೆ, ಬಾಯಾರಿದವನಿಗೆ ನೀರು ಬೇಕಾಗುವ ಹಾಗೆ.

ಒಂದು ನೂರು ಪುಟದ ನೋಟುಬುಕ್ಕು ಹಿಡಿದು ನನ್ನ ಕಟ್ಟೆಗೆ ಬಂದಳು.

“ಅಜ್ಜಾರ, ನನಗ ಇಂಗ್ಲಿಷ್ ಶಬ್ದ ಬೇಕಾಗ್ಯಾವ್ರಿ.”

“ಎಷ್ಟು?”

“ಎಷ್ಟಂದ್ರ? ಸೀರಿ ಬಗ್ಗೆ ಮಾತಾಡೋವಷ್ಟು.”

“ಶಬ್ದ ಅಂದ್ರ ಮೆಣಸಿನಕಾಯಿ ಅಲ್ಲವಾ, ಪಾವ್ ಕಿಲೋ ಪುಡಿಕಿ ಕಟ್ಟಾಕ. ಏ ಇಂದ ಸುರು ಮಾಡು. ದಿನಕ್ಕ ಹತ್ತು. ಸಂಜೀಕ ಒಪ್ಪಿಸು.”

ಅವಳು ಒಪ್ಪಿಸಿದಳು. ಅಬೇಸ್, ಅಬ್ಡೊಮೆನ್, ಅಬಂಡನ್ಸ್. ನಾಲ್ಕು ತಿಂಗಳಲ್ಲಿ ‘ಸಿ’ ನಡುವಿಗೆ ಬಂದೆವು. ತಪ್ಪಿದರೆ ನಾನು ಕೋಲಿನಿಂದ ಕಟ್ಟೆ ಕುಟ್ಟುತ್ತಿದ್ದೆ. ಓಣಿಯ ಮಂದಿ ನೋಡುತ್ತಿದ್ದರು. ನೋಡಲಿ ಎಂದೇ ಜೋರಾಗಿ ಕುಟ್ಟುತ್ತಿದ್ದೆ.

ಆ ಹೊತ್ತಿಗೆ ಹೊರಗಿನ ಗಂಡಹೆಂಡತಿ ಇಬ್ಬರು ಸೀರೆ ಹುಡುಕಿಕೊಂಡು ಓಣಿಗೆ ಬಂದರು. ಬನಶ್ರೀ ಕುಣಿಯಿಂದ ಎದ್ದು ಬಾಗಿಲಿಗೆ ಬಂದಳು. ಆ ಹೆಣ್ಣುಮಗಳು ನಗುತ್ತ ಇಂಗ್ಲಿಷಿನಲ್ಲಿ ಏನೋ ಕೇಳಿದಳು: ಬಣ್ಣ ಹೋಗುತ್ತದೆಯೇ, ಎಷ್ಟು ದಿನ ಬೇಕಾಗುತ್ತದೆ, ಇಂಥವೇ ನಾಲ್ಕು ಮಾತು. ಬನಶ್ರೀಗೆ ‘ಕೆಲಾಮಿಟಿ’ ಎಂದರೆ ವಿಪತ್ತು ಎಂದು ಗೊತ್ತಿತ್ತು. ‘ಒಳಗ ಬರ್ರಿ, ಕುಂದರ್ರಿ’ ಎನ್ನಲು ಬರಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು ಹೋದರು.

ಸಂಜೆ ಬಂದು ನನ್ನ ಎದುರು ನೋಟುಬುಕ್ಕು ಮುಚ್ಚಿದಳು.

“ಅಜ್ಜಾರ, ನನ್ನ ತಲ್ಯಾಗ ಸಂತಿ ನೆರದೈತಿ. ಆದರ ನನಗ ಬೇಕಾದ ಸಾಮಾನು ಒಂದೂ ಬಂದಿಲ್ಲ.”

“ನಾಕ ತಿಂಗಳಿಗೆ ದಣದಿ? ನಾ ಹನ್ನೊಂದು ವರ್ಷ ಮಾಡೇನಿ.”

“ನಿಮಗ ಹನ್ನೊಂದು ವರ್ಷ ಇದ್ವು, ನನಗ ಎಂಟು ತಿಂಗಳು ಅದಾವ.”

ಅದಕ್ಕೆ ನಾನು ಬೈದೆ.

ಮರುದಿನದಿಂದ ಅವಳು ಒಪ್ಪಿಸಲು ಬರಲಿಲ್ಲ. ರೊಟ್ಟಿ ಮಾತ್ರ ಬಂದವು. ಎರಡು ವಾರ ನೋಡಿ, ಬೈಯುವುದು ಬಾಕಿ ಇದೆಯೆಂದು ನಾನೇ ಅವಳ ಮನೆಗೆ ಹೋದೆ. ಮಗ್ಗದ ಎದುರಿನ ಗೋಡೆಯಲ್ಲಿ ಮೊಳೆಯಿಂದ ಮೊಳೆಗೆ ನೂಲು ಕಟ್ಟಿ, ಅದಕ್ಕೆ ಚೀಟಿಗಳನ್ನು ತೂಗುಹಾಕಿದ್ದಳು. ಕೆಂಪು ನೂಲಿಗೆ ಕೆಲವು, ಹಸಿರು ನೂಲಿಗೆ ಕೆಲವು.

“ಇದೇನ ತೋರಣ?”

“ಕೆಚ್ಚಾಕ ಹತ್ತೀನ್ರಿ,” ಎಂದಳು.

ಕೆಚ್ಚುವುದು ನೇಕಾರರ ಕೆಲಸ. ಮಗ್ಗದ ಹಾಸು, ಅಂದರೆ ಉದ್ದೆಳೆ, ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಹರಿದು ಒಗೆಯುವುದಿಲ್ಲ. ಹಳೆಯ ಒಂದೊಂದು ಎಳೆಯ ತುದಿಗೆ ಹೊಸ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಹಳೆಯದನ್ನು ಎಳೆದರೆ ಹೊಸದು ತಾನೇ ಮಗ್ಗದೊಳಗೆ ನಡೆದು ಬರುತ್ತದೆ.

“ಶಬ್ದಾನೂ ಹಂಗ ಅಂತ ಅನಸ್ತು. ಗೊತ್ತಿಲ್ಲದ್ದನ್ನ ಬರೇ ತಂದು ಇಟ್ರ ನಿಂದರೂದಿಲ್ಲ, ಜಾರಿ ಹೊಕ್ಕಾವ. ಗೊತ್ತಿದ್ದ ಶಬ್ದದ ತುದಿಗೆ ಹೊಸಾದು ಕಟ್ಟಬೇಕು. ನೋಡ್ರಿ, ಕಲರ್ ನನಗ ಸಣ್ಣಾಕಿದ್ದಾಗಿಂದ ಗೊತ್ತು. ಅದಕ್ಕ ಡೈ ಕೆಚ್ಚಿದೆ. ಡೈಗೆ ಫೇಡ್. ಫೇಡಿಗೆ ವಾಶ್. ಒಂದ ಹಿಡದು ಎಳದ್ರ ನಾಕೂ ಬರ್ತಾವ.”

ಸಾಬೂನಿನ ಕಾಗದ, ಗುಳಿಗೆಯ ಹಾಳೆ, ಬಸ್ಸಿನ ಹಲಗೆ, ಎಲ್ಲೆಲ್ಲಿಂದಲೋ ಹೆಕ್ಕಿದ್ದಳು. ಯಾವುದೋ ಔಷಧದ ಡಬ್ಬಿಯ ಮೇಲಿನ ‘ತಂಪಾದ, ಒಣಗಿದ ಜಾಗದಲ್ಲಿ ಇಡಿ’ ಎಂಬ ಒಂದು ಸಾಲಿನಿಂದ ಮೂರು ಶಬ್ದ ಕಿತ್ತು, ಮೂರನ್ನೂ ಸೀರೆಗೆ ಒಗ್ಗಿಸಿಕೊಂಡಿದ್ದಳು. ಇವತ್ತು ಕೆಚ್ಚಿದ ಶಬ್ದವನ್ನು ನಾಳೆ ಒಮ್ಮೆ, ನಾಲ್ಕನೆಯ ದಿನ ಒಮ್ಮೆ, ಮುಂದಿನ ಸಂತೆಯ ದಿನ ಒಮ್ಮೆ ಮುಟ್ಟಿ ನೋಡುತ್ತಿದ್ದಳು. ಮೂರು ಸಲವೂ ಬಾಯಿಗೆ ಬಂದರೆ ಚೀಟಿ ಕೆಂಪು ನೂಲಿನಿಂದ ಹಸಿರು ನೂಲಿಗೆ ಹೋಗಬೇಕು. ಬರದಿದ್ದರೆ ಕೆಂಪಿನಲ್ಲೇ ಉಳಿಯಬೇಕು. ಅವಳಜ್ಜಿ ಬದುವಿನ ಮೇಲೆ ನಿಂತು ಗಂಟು ಮುಟ್ಟುತ್ತಿದ್ದಳಲ್ಲ, ಅದೇ ಲೆಕ್ಕ.

ಬರೀ ಚೀಟಿಯಲ್ಲ. ಹೊಸ ಶಬ್ದವನ್ನು ಆ ದಿನ ಯಾರಿಗಾದರೂ ಒಬ್ಬರಿಗೆ ಅಂದುಬಿಡಬೇಕು ಎಂಬ ಕಟ್ಟಳೆ ಹಾಕಿಕೊಂಡಿದ್ದಳು. ಸಿಕ್ಕವಳು ಬಳೆ ಮಾರುವ ಬಿಸ್ಮಿಲ್ಲಾ. ಬುಟ್ಟಿ ಇಳಿಸುವುದೇ ತಡ, ಬನಶ್ರೀ ಸುರುಮಾಡುತ್ತಿದ್ದಳು.

“ಬಿಸ್ಮಿಲ್ಲಾ, ಯುವರ್ ಬ್ಯಾಂಗಲ್ ಈಸ್ ಬ್ರಿಟಲ್.”

“ಯವ್ವಾ, ಬೆಳಗಾಗೂದ್ರಾಗ ಬೈಯಾಕತ್ತಿ ಏನ?”

“ಬೈದಿಲ್ಲಬೇ. ಲಗೂ ಒಡೀತಾವ ಅಂದೆ.”

“ಹಂಗಾರ ನನ್ನ ಗಂಡಗ ಹೇಳಾಕ ಒಂದು ಕಲಸು. ಹತ್ತ ಸಲ ಕರದ್ರೂ ಓಗೊಡೂದಿಲ್ಲ, ಅದಕ್ಕ ಏನಂತಾರ?”

“ಡೆಫ್.”

“ಡೆಫ್! ಸಣ್ಣ ಐತಿ, ಚಲೋ ಐತಿ. ಇವತ್ತ ಅಂದಬಿಡತೀನಿ.”

ಇಬ್ಬರೂ ಬಳೆಯ ಬುಟ್ಟಿ ಅಲುಗಾಡುವಷ್ಟು ನಗುತ್ತಿದ್ದರು. ಬಿಸ್ಮಿಲ್ಲಾ ಮೂರು ತಿಂಗಳಲ್ಲಿ ಮೂವತ್ತು ಶಬ್ದ ಕಲಿತಳು. ಕಲಿಸಿದ್ದರಿಂದ ಬನಶ್ರೀಗೆ ಆ ಮೂವತ್ತು ಕಲ್ಲಿನಲ್ಲಿ ಕೊರೆದ ಹಾಗಾದವು.

ಇದನ್ನೆಲ್ಲ ಕಣ್ಣಾರೆ ನೋಡಿದ ನಾನು ಮಾಡಿದ್ದೇನು? “ಇದ ಇಂಗ್ಲಿಷೋ, ಕೌದಿಯೋ? ಅಲ್ಲೊಂದು ಚಿಂದಿ, ಇಲ್ಲೊಂದು ಚಿಂದಿ!” ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಅದನ್ನೇ ಅಣಕ ಮಾಡಿ ಹೇಳಿದೆ. ಮಂದಿ ನಕ್ಕರು. ‘ಕೌದಿ ಇಂಗ್ಲಿಷ್ ಬನಶ್ರೀ’ ಎಂಬ ಹೆಸರು ಓಣಿಯ ತುದಿಯವರೆಗೆ ಓಡಿತು. ನನಗೆ ಚುಚ್ಚಿದ್ದು ಬೇರೆ: ಹನ್ನೊಂದು ವರ್ಷ ಕಲ್ಲು ಹೊತ್ತ ಹಾಗೆ ನಾನು ಹೊತ್ತದ್ದನ್ನು ಇವಳು ನೂಲಿನಲ್ಲಿ ಎಳೆದುಕೊಳ್ಳುತ್ತಿದ್ದಳು. ಒಂದು ಶಬ್ದ ಎಳೆದರೆ ನಾಲ್ಕು ಬರುತ್ತಿದ್ದವು. ನನ್ನ ಹಾಳೆಯ ಶಬ್ದಗಳಲ್ಲಿ ಎಷ್ಟೋ ಈಗಲೂ ಹಾಳೆ ನೆನಪಾದರೆ ಮಾತ್ರ ನೆನಪಾಗುತ್ತವೆ.

ಆಯ್ಕೆಗೆ ಮೂರು ತಿಂಗಳಿದ್ದಾಗ ಒಂದು ಮಧ್ಯಾಹ್ನ ಬಂದಳು. ಯಾವುದೋ ಊರಿನ ನೂಲಿನ ವ್ಯಾಪಾರಿ ಕಳಿಸಿದ ಮಾದರಿಯ ಕಾರ್ಡು ಕೈಯಲ್ಲಿತ್ತು. ಎರಡು ಶಬ್ದಗಳಿಗೆ ಬೆರಳಿಟ್ಟಳು: ವಾರ್ಪ್, ವೆಫ್ಟ್.

“ಒಂದು ಹಾಸು, ಇನ್ನೊಂದು ಹೊಕ್ಕು ಅಂತ ತಿಳೀತೈತ್ರಿ. ಯಾವುದು ಯಾವುದು ಅನ್ನೂದು ತಿಳೀವಲ್ದು. ನಿಮ್ಮ ಪುಸ್ತಕದಾಗ ನೋಡ್ರಿ.”

ಎರಡೂ ಡಬ್ಲ್ಯೂ. ನನ್ನ ಪುಸ್ತಕ ‘ವೋಟ್’ಗೆ ನಿಂತದ್ದು. ನಾನು ತಕ್ಕಡಿಯವನು, ಮಗ್ಗ ಹತ್ತಿದವನಲ್ಲ. ಹಾಸು ಯಾವುದು, ಅಡ್ಡ ಓಡುವ ಹೊಕ್ಕು ಯಾವುದು ಎಂದು ಕನ್ನಡದಲ್ಲಿ ಕೇಳಿದ್ದರೂ ಒಂದು ಗಳಿಗೆ ಯೋಚಿಸಬೇಕಾದವನು. ‘ಆ ಹಾಳೆ ಇಲ್ಲವಾ ತಂಗೀ’ ಎಂದಿದ್ದರೆ ಮುಗಿಯುತ್ತಿತ್ತು.

“ಪುಸ್ತಕ ಯಾಕ? ನಾನ ಇಲ್ಲೇನು?” ಎಂದೆ. “ವಾರ್ಪ್ ಅಂದ್ರ ಹೊಕ್ಕು. ವೆಫ್ಟ್ ಅಂದ್ರ ಹಾಸು. ಬರಕೋ.”

ಅವಳು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡಿದಳು. ಆಮೇಲೆ ಬರೆದುಕೊಂಡಳು.

ಆಯ್ಕೆಯ ದಿನ ಸಂಘದ ಅಂಗಳದಲ್ಲಿ ಪೆಂಡಾಲು ಹಾಕಿ ಒಂದು ಮಗ್ಗ ಹೂಡಿದ್ದರು. ಜಿಲ್ಲೆಯಿಂದ ಶ್ವೇತಾ ಎಂಬ ಅಧಿಕಾರಿ ಬಂದಿದ್ದಳು. ಚಿಕ್ಕ ವಯಸ್ಸು, ಹರಳು ಹುರಿದ ಹಾಗೆ ಇಂಗ್ಲಿಷು, ಆದರೆ ಮಗ್ಗದ ಕೆಲಸ ಹೊಸದು ಎಂದು ತಾನೇ ಹೇಳಿಕೊಂಡಳು. ಊರಿನ ಹಿರಿಯ, ಇಂಗ್ಲಿಷ್ ಬಲ್ಲವ ಎಂದು ನನ್ನನ್ನೂ ವೇದಿಕೆಯ ಮೇಲೆ ಕೂರಿಸಿದರು. ಶಾಲು ಹೊದಿಸಿದರು. “ಇವತ್ತ ಬಂದ ಐದು ಮಂದ್ಯಾಗ ಬನಶ್ರೀ ಅಂದಾನಪ್ಪಜ್ಜಾರ ಶಿಷ್ಯಳು” ಎಂದು ಮೈಕಿನಲ್ಲಿ ಹೇಳಿದರು. ನಾನು ಶಾಲು ಸರಿಮಾಡಿಕೊಂಡೆ.

ಬನಶ್ರೀ ನಾಲ್ಕನೆಯವಳು. ಶ್ವೇತಾ ಕೇಳಿದ ಮೊದಲ ಮಾತುಗಳಿಗೆ ಅವಳು ಕೊಟ್ಟ ಉತ್ತರ ಕೇಳಿ ಹಿಂದಿನ ಸಾಲಿನವರು ಮುಂದೆ ಬಾಗಿದರು. ದೊಡ್ಡ ಶಬ್ದ ಒಂದೂ ಇಲ್ಲ. ಸಣ್ಣ ಸಣ್ಣ ಶಬ್ದ, ಒಂದರ ಬಾಲ ಹಿಡಿದು ಒಂದು. ಬಣ್ಣ ಹೇಗೆ ಹಾಕುತ್ತೇವೆ, ಯಾಕೆ ಬಿಡುವುದಿಲ್ಲ, ಈ ಸೀರೆಯನ್ನು ಎರಡೂ ಮಗ್ಗುಲು ಯಾಕೆ ಉಡಬಹುದು, ಎಲ್ಲ ಹೇಳಿದಳು. ಒಂದು ಶಬ್ದ ಸಿಗದಿದ್ದಾಗ ನಿಂತುಬಿಡಲಿಲ್ಲ. ಅದರ ಪಕ್ಕದ ಶಬ್ದ ಹಿಡಿದು ದಾಟಿಹೋದಳು. ಶ್ವೇತಾ ತಲೆ ಅಲ್ಲಾಡಿಸಿ ಬರೆದುಕೊಳ್ಳುತ್ತಿದ್ದಳು. ಮಹಿಳೆಯರ ಗುಂಪಿನಿಂದ ಬಿಸ್ಮಿಲ್ಲಾ, “ವೆರಿ ಗುಡ್ ಬೇ ಬನಶ್ರೀ!” ಎಂದು ಕೂಗಿ ಮಂದಿಯನ್ನು ನಗಿಸಿದಳು.

ಆಮೇಲೆ ಮಗ್ಗದ ಬಳಿ ಹೋಗಿ ಒಂದೊಂದೇ ತೋರಿಸಬೇಕಾಯಿತು. ಬನಶ್ರೀ ಉದ್ದೆಳೆಗಳ ಮೇಲೆ ಅಂಗೈ ಇಟ್ಟು, “ದಿಸ್ ಈಸ್ ವಾರ್ಪ್” ಎಂದಳು. ಲಾಳಿ ಎತ್ತಿ, “ದಿಸ್ ಕ್ಯಾರೀಸ್ ವೆಫ್ಟ್” ಎಂದಳು.

ನಾನು ಹೇಳಿಕೊಟ್ಟದ್ದರ ಉಲ್ಟಾ.

ಅವಳು ಎಲ್ಲೋ ಕೇಳಿ ತಿದ್ದಿಕೊಂಡಿದ್ದಾಳೆ ಎಂದು ನನಗೆ ಅದೇ ಗಳಿಗೆ ಹೊಳೆಯಿತು. ನಾನು ಹೇಳಿದ್ದು ಅಂದಾಜು ಎಂಬುದೂ ನನಗೆ ಗೊತ್ತಿತ್ತು. ಸುಮ್ಮನೆ ಕೂರಬಹುದಿತ್ತು. ಆದರೆ ‘ಅಂದಾನಪ್ಪಜ್ಜಾರ ಶಿಷ್ಯಳು’ ಎಂದು ಮೈಕಿನಲ್ಲಿ ಹೇಳಿಯಾಗಿತ್ತು, ಹೆಗಲ ಮೇಲೆ ಶಾಲಿತ್ತು. ಕುರ್ಚಿಯಿಂದಲೇ ಕೋಲು ಎತ್ತಿದೆ.

“ತಿರುಗಮುರುಗ ಆತವಾ! ವಾರ್ಪ್ ಅಂದ್ರ ಹೊಕ್ಕು. ನಾ ಏನ ಬರಸೀನಿ ನಿನಗ?”

ಅಂಗಳದ ಮಂದಿಯೆಲ್ಲ ನನ್ನ ಕಡೆ ತಿರುಗಿದರು, ಆಮೇಲೆ ಅವಳ ಕಡೆ.

ಗುರುಪಾದನ ಮನೆಯಲ್ಲಿ ಒಂದು ನಡಾವಳಿ ಇದೆ. ಹಿರಿಯರು ಹೂಡಿದ ಹಾಸಿನಲ್ಲಿ ತಪ್ಪೆಳೆ ಸೇರಿದ್ದರೂ ಕಿರಿಯರು ಅದಕ್ಕೆ ಕೈ ಹಚ್ಚುವುದಿಲ್ಲ. ಹಿರಿಯರ ಎದುರು ಎಳೆ ಹರಿಯಬಾರದು. ಆ ಹಾಸು ಮುಗಿಯುವ ತನಕ ತಪ್ಪಿನೊಂದಿಗೇ ನೇಯ್ದು, ಮುಂದಿನ ಹಾಸಿಗೆ ತಿದ್ದಿಕೊಳ್ಳುತ್ತಾರೆ. ಅಂಥ ಮನೆಯ ಮಗಳು ಅವಳು. ಲಾಳಿ ಹಿಡಿದ ಕೈ ಕೆಳಗಿಳಿಯಿತು.

“ಹೌದ್ರಿ,” ಎಂದಳು. “ಅಜ್ಜಾರು ಹೇಳಿದ್ದ ಖರೇ.”

ಅಲ್ಲಿಂದ ಮುಂದೆ ಉಳಿದ ಮಾತನ್ನೆಲ್ಲ ನನ್ನ ತಪ್ಪಿನ ಮೇಲೆ ನೇಯಬೇಕಾಯಿತು. ಕೈ ಒಂದು ಕಡೆ ತೋರಿಸುತ್ತಿತ್ತು, ಬಾಯಿ ಇನ್ನೊಂದು ಹೇಳುತ್ತಿತ್ತು. ಉದ್ದದ್ದನ್ನು ಅಡ್ಡ ಎಂದಳು, ಅಡ್ಡದ್ದನ್ನು ಉದ್ದ ಎಂದಳು, ನಡುವೆ ನಿಂತಳು, ಮತ್ತೆ ಮೊದಲಿಂದ ಸುರುಮಾಡಿದಳು. ಶ್ವೇತಾ ಎರಡು ಸಲ ಹುಬ್ಬು ಗಂಟಿಕ್ಕಿ, “ಯಾವುದು ನಿಮ್ಮ ಖಚಿತ ಉತ್ತರ?” ಎಂದು ಕೇಳಿದಳು. ಬನಶ್ರೀ ನನ್ನ ಕಡೆ ನೋಡಲಿಲ್ಲ. ಅವಳು ನೋಡಲಿ ಎಂದು ನಾನು ಕಾಯುತ್ತಿದ್ದೆ. ನೋಡಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಮಾಡುತ್ತಿದ್ದೆ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಕೆಲಸ ರೋಣದ ಕಡೆಯ ರೇಷ್ಮಾ ಎಂಬವಳಿಗೆ ಆಯಿತು. ಚಲೋ ಹೆಣ್ಣುಮಗಳು. ಅವಳನ್ನು ದೂರಲು ನನಗೆ ಬಾಯಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ, ಆ ವಾರವೂ ಸೇರಲಿಲ್ಲ. ಎಂಟನೆಯ ದಿನ ಬೆಳಗಿನ ಬಸ್ಸು ಹಿಡಿದು ರೋಣದ ಗ್ರಂಥಾಲಯಕ್ಕೆ ಹೋದೆ. ಇಡೀ ನಿಘಂಟು ಬೇಕು ಎಂದೆ. ತಂದುಕೊಟ್ಟವನು, “ಯಾವ ಅಕ್ಷರ ನೋಡತೀರಿ ಅಜ್ಜಾರ?” ಎಂದ. ಹೇಳಲು ನಾಚಿಕೆಯಾಯಿತು. ಎಪ್ಪತ್ತಾರನೆಯ ವರ್ಷದಲ್ಲಿ ಮೊದಲ ಸಲ ಡಬ್ಲ್ಯೂ ಹಾಳೆ ತಿರುವಿದೆ. ವಾರ್ಪ್: ಹಾಸು. ಅವಳು ಅಂಗೈ ಇಟ್ಟು ಹೇಳಿದ್ದೇ. ಎರಡು ಸಲ ಓದಿದೆ. ಆಮೇಲೆ ಆ ಅಕ್ಷರದ ಎಲ್ಲ ಹಾಳೆ ಓದುತ್ತ ಕುಳಿತೆ. ಐವತ್ತು ವರ್ಷ ಮಂದಿಗೆ ಅಂದಾಜಿನ ಮೇಲೆ ಹೇಳಿದ್ದರಲ್ಲಿ ತಪ್ಪಿದವು ಒಂದೊಂದೇ ಎದ್ದು ಬಂದವು. ‘ವೇವರ್’ ಎಂಬ ಶಬ್ದಕ್ಕೆ ಒಬ್ಬ ರೈತನಿಗೆ ‘ವಾಯಿದೆ’ ಎಂದಿದ್ದೆ. ‘ಹಕ್ಕು ಬಿಟ್ಟುಕೊಡುವುದು’ ಎಂದಿತ್ತು ಇಲ್ಲಿ. ಅವನು ಸಹಿ ಮಾಡಿದನೋ, ಇಲ್ಲವೋ. ಯಾವ ಊರಿನವನೋ ಅದೂ ನೆನಪಿಲ್ಲ.

ಮಧ್ಯಾಹ್ನದ ಬಸ್ಸಿಗೆ ಗಜೇಂದ್ರಗಡಕ್ಕೆ ಬಂದು ನೇರ ಅವಳ ಮನೆಗೆ ಹೋದೆ. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಣಿಯಲ್ಲಿ ಕುಳಿತಿದ್ದಳು. ದವಾಖಾನೆಯವರು ಹೇಳಿದ ವರ್ಷ ಮುಗಿದಿತ್ತು. ನಾಲ್ಕು ತುಳಿತಕ್ಕೊಮ್ಮೆ ನಿಂತು ಉಸಿರು ಬಿಡುತ್ತಿದ್ದಳು. ಗೋಡೆಯ ನೂಲಿನಲ್ಲಿ ಚೀಟಿಗಳು ಇನ್ನೂ ಇದ್ದವು. ಕೆಂಪು ನೂಲಿನಲ್ಲಿ ಹೊಸವು ಬಂದಿದ್ದವು.

“ಬನಶ್ರೀ, ನಾ ತಪ್ಪು ಹೇಳಿದ್ದೆ,” ಎಂದೆ. “ನನ್ನ ಪುಸ್ತಕದಾಗ ಆ ಅಕ್ಷರ ಇಲ್ಲ.”

“ಗೊತ್ತೈತ್ರಿ.”

“ಏನ ಗೊತ್ತೈತಿ?”

“ನಿಮ್ಮ ಪುಸ್ತಕದ ಧೂಳ ಝಾಡಸಾಕಿ ನಾನ ಅಲ್ಲೇನ್ರಿ? ಕಡೀಕ ಗೆದ್ಲ ತಿಂದದ್ದು ಕಾಣೂದಿಲ್ಲೇನು? ಅವತ್ತು ಪುಸ್ತಕದಾಗ ನೋಡ್ರಿ ಅಂತ ಬಾಯಿ ತಪ್ಪಿ ಅಂದೆ. ಅಂದ ಮ್ಯಾಲ ನೆನಪಾತು. ನೀವು ಇಲ್ಲ ಅಂತೀರಿ ಅಂತ ನಿಮ್ಮ ಮಾರಿ ನೋಡಿದೆ.”

ನಾನು ಬರೆಸಿದ ಮೇಲೆ ಬನಶ್ರೀ ಫೋನಿನಲ್ಲಿ ಯಾವುದೋ ದೇಶದ ನೇಕಾರಳೊಬ್ಬಳು ಮಗ್ಗ ಮುಟ್ಟಿ ಮುಟ್ಟಿ ಹೆಸರು ಹೇಳುವುದನ್ನು ನೋಡಿ ಸರಿಯಾದದ್ದನ್ನು ತಿಳಿದುಕೊಂಡಳಂತೆ. ನೋಟುಬುಕ್ಕಿನಲ್ಲಿ ನಾನು ಹೇಳಿದ್ದನ್ನು ಕಾಟು ಹೊಡೆದಿರಲಿಲ್ಲ. ಅದನ್ನು ಹಾಗೇ ಬಿಟ್ಟು, ಬೇರೆ ಹಾಳೆಯಲ್ಲಿ ಬೇರೆ ಬರೆದುಕೊಂಡಿದ್ದಳು.

ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದನ್ನೆಲ್ಲ ಅವಳ ಮುಂದೆ ಸುರಿದೆ. ನಾಳೆಯೇ ಜಿಲ್ಲಾ ಕಚೇರಿಗೆ ಹೋಗುತ್ತೇನೆ. ಶ್ವೇತಾ ಅವರ ಮುಂದೆ ನಿಂತು, ತಪ್ಪಿದವನು ನಾನು, ಹುಡುಗಿ ಸರಿಯಾಗಿ ಹೇಳಿದ್ದಳು ಎಂದು ಬರೆದುಕೊಡುತ್ತೇನೆ. ಸಂಘದ ಅಂಗಳದಲ್ಲಿ ಅದೇ ಮೈಕಿನಲ್ಲಿ ಹೇಳು ಎಂದರೆ ಹೇಳುತ್ತೇನೆ. ಅದೂ ಆಗದಿದ್ದರೆ ರೋಣದಲ್ಲಿ ಇಂಗ್ಲಿಷ್ ಕಲಿಸುವ ಕ್ಲಾಸಿಗೆ ಹಚ್ಚುತ್ತೇನೆ, ಫೀ ನನ್ನದು. ಮುಂದಿನ ವರ್ಷ ಸಂಘದವರು ಇನ್ನೊಬ್ಬಳನ್ನು ತೆಗೆದುಕೊಳ್ಳುತ್ತಾರಂತೆ, ಅಷ್ಟರವರೆಗೆ ಮಗ್ಗ ಬಿಡು, ಮನೆಯ ಖರ್ಚಿಗೂ ನಾನಿದ್ದೇನೆ.

ಅವಳು ಲಾಳಿ ಕೆಳಗಿಟ್ಟಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕುಣಿಯ ಅಂಚಿಗೆ ಎರಡೂ ಕೈ ಊರಿ ಮೆಲ್ಲಗೆ ಮೇಲೇಳತೊಡಗಿದಳು. ನಾನು ಕೈ ಚಾಚಿದೆ. ಅವಳು ಅದನ್ನು ಹಿಡಿಯದೆ ಎದ್ದು ನಿಂತು ಹೇಳಿದಳು:

“ಬ್ಯಾಡ್ರಿ ಅಜ್ಜಾರ. ನೀವು ಹೋಗಿ ಹೇಳಿದ್ರ ರೇಷ್ಮಾನ ಕೆಲಸಕ್ಕ ಕುತ್ತು ಬರತೈತಿ, ಆಕಿ ಏನ ಮಾಡ್ಯಾಳ? ಕ್ಲಾಸೂ ಬ್ಯಾಡ, ಖರ್ಚಿಗೂ ಬ್ಯಾಡ. ನೀವು ಅವತ್ತು ತಪ್ಪು ಹೇಳಿದ್ದು ನಿಮ್ಮ ಪಾಲಿಂದು, ಅದನ್ನ ನೀವ ಹೊರ್ರಿ. ಗೊತ್ತಿದ್ದೂ ನಾ ಹೌದ್ರಿ ಅಂದದ್ದು ನನ್ನ ಪಾಲಿಂದು. ನಮ್ಮ ಮನ್ಯಾಗ ಅದಕ್ಕ ಮರ್ಯಾದಿ ಅಂತಾರ. ಅದು ಮರ್ಯಾದಿ ಅಲ್ರಿ, ಅಂಜಿಕಿ. ನೀವು ಕಚೇರಿಗೆ ಹೋಗಿ ನನ್ನ ಮಾತು ಆಡಿದ್ರ, ಮತ್ತ ನನ್ನ ಬಾಯಾಗ ನಿಮ್ಮ ಮಾತ ಉಳೀತೈತಿ. ಮುಂದಿನ ವರ್ಷ ನಾ ಹೋಗಾಕಿ. ನೀವು ಬರ್ರಿ, ಮುಂದಿನ ಸಾಲಿನ್ಯಾಗ ಕುಂದರ್ರಿ, ಬೇಕಾದ್ರ ಕೋಲನೂ ಎತ್ರಿ. ನಾ ಹೇಳೂದು ನಾ ಹೇಳತೀನಿ. ಅಲ್ಲೀತನಕ ನನಗ ಯಾರ ಆಸರಾನೂ ಬ್ಯಾಡ. ರೊಟ್ಟಿ ಮುಚ್ಚಿಟ್ಟೀನಿ, ಆರೂದ್ರೊಳಗ ಹೋಗಿ ಉಣ್ರಿ.”